ಉಮ್ಮತ್ತಿ ಎಂದು ನಾನು ಹೇಳಿದ ಗಿಡ

ಈಗ ನಮ್ಮ ಇಲಾಖೆಗೆ ಹೊಸದಾಗಿ ಸೇರುವ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಆ ಕಾಲದಲ್ಲಿ ಗ್ರಾಮಸೇವಿಕೆಯ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಬಸ್ಸಿಲ್ಲದ ದಾರಿ, ಎತ್ತಿನ ಗಾಡಿ, ಹೊಳೆ ತುಂಬಿದಾಗ ಆಚೆ ದಡದಲ್ಲೇ ಉಳಿದ ರಾತ್ರಿಗಳು, ಇವನ್ನೆಲ್ಲ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ನನಗೇನೋ ಅದು ಅಷ್ಟು ದೊಡ್ಡ ಕಷ್ಟ ಅನ್ನಿಸಿರಲಿಲ್ಲ. ಕಾಲುನೋವು ಒಂದು ನಿದ್ದೆಯಲ್ಲಿ ಹೋಗುತ್ತಿತ್ತು. ನಿದ್ದೆಯಲ್ಲೂ ಹೋಗದ ಒಂದು ಸಂಗತಿ ಇದೆ. ಕುಂಡದಲ್ಲಿ ತಾನಾಗಿ ಹುಟ್ಟಿದ ಒಂದು ಗಿಡಕ್ಕೆ ನಾನು ಹೆಸರು ಹೇಳಿದ್ದು. ಸರಗೂರಿನ ಆ ಬೀದಿಯವರಿಗೆಲ್ಲ ಅದು ಗೊತ್ತು. ನನ್ನ ನಂತರ ಬಂದ ನಿಮಗೆ ಯಾರೂ ಹೇಳಿರಲಾರರು.

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ನಮ್ಮ ಮನೆಯಲ್ಲಿ ಮಣ್ಣು ಎಂದು ಇದ್ದದ್ದು ತುಳಸಿಕಟ್ಟೆಯಲ್ಲಿ ಮಾತ್ರ. ಐವತ್ತರ ದಶಕದ ನಡುವೆ ತರಬೇತಿ ಮುಗಿಸಿ ಹೊರಟಾಗ ನನ್ನ ಗಿಡಮರದ ವಿದ್ಯೆಯೆಲ್ಲ ಪುಸ್ತಕದ ಚಿತ್ರಗಳದ್ದು. ಚಿತ್ರಗಳಲ್ಲಿ ಗಿಡ ಯಾವಾಗಲೂ ಬೆಳೆದು ನಿಂತಿರುತ್ತದೆ, ಹೂ ಬಿಟ್ಟಿರುತ್ತದೆ. ಮಣ್ಣಿನಿಂದ ಆಗತಾನೆ ತಲೆ ಎತ್ತಿದ ಎರಡೆಲೆಯ ಮೊಳಕೆಯನ್ನು ನಮಗೆ ಯಾರೂ ತೋರಿಸಿರಲಿಲ್ಲ.

ಮೊದಲು ನನ್ನನ್ನು ಹಾಕಿದ್ದು ಪಿರಿಯಾಪಟ್ಟಣದ ಕಡೆ. ಹೆಂಗಸರಿಗೆ ತರಕಾರಿ ಬೀಜ ಹಂಚುವುದು, ಕೈತೋಟ ಮಾಡಿಸುವುದು ನಮ್ಮ ಮುಖ್ಯ ಕೆಲಸ. ಅಲ್ಲೊಬ್ಬ ಮುದುಕಿಯ ಮನೆಯಲ್ಲಿ ನಾನೇ ಒಂದು ದೊಡ್ಡ ಕುಂಡಕ್ಕೆ ಕ್ಯಾರೆಟ್ ಬೀಜ ಹಾಕಿಸಿದ್ದೆ. ಮುಂದಿನ ಸಲ ಹೋದಾಗ ಕುಂಡದ ತುಂಬ ಎಳೆಎಳೆಯಾಗಿ ಹುಲ್ಲಿನಂಥದ್ದು ಎದ್ದಿತ್ತು. "ಕಳೆ ಬಿಟ್ಟಿದ್ದೀರಲ್ಲ ಅಜ್ಜಿ" ಎಂದು ಸೆರಗು ಸಿಕ್ಕಿಸಿ ಕೂತು ಒಂದೂ ಬಿಡದೆ ಕಿತ್ತೆ. ನಾನು ಕಿತ್ತು ಮುಗಿಸುವವರೆಗೂ ಅಜ್ಜಿ ಏನೂ ಹೇಳಲಿಲ್ಲ. ಆಮೇಲೆ, "ಮಗ, ನೀನೇ ಆಕ್ದೆ, ನೀನೇ ಕಿತ್ತೆ. ನಂಗೇನು, ಕುಂಡ ಉಳೀತಲ್ಲ ಬುಡು" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕ್ಯಾರೆಟ್ಟಿನ ಬೀಜದೆಲೆ ಹುಲ್ಲಿನ ಹಾಗೆಯೇ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಅಜ್ಜಿಯ ಜೊತೆ ಓಣಿಯೇ ನಕ್ಕಿತು. ನಾನೂ ನಕ್ಕು ಮರೆಯಬಹುದಿತ್ತು. ಮರೆಯಲಿಲ್ಲ. ಇನ್ನು ಮುಂದೆ ಯಾವ ಗಿಡ ತೋರಿಸಿದರೂ ತಡವರಿಸಬಾರದು, ಕೇಳಿದ ತಕ್ಷಣ ಹೆಸರು ಹೇಳಿಬಿಡಬೇಕು ಎಂದು ನಿಶ್ಚಯಿಸಿಕೊಂಡೆ. ಕಲಿಯಬೇಕಾದ ಪಾಠಕ್ಕೆ ತೀರ ಉಲ್ಟಾ ಪಾಠ ಕಲಿತೆ.

ಅಲ್ಲಿಂದ ನನ್ನನ್ನು ಸರಗೂರಿಗೆ ಹಾಕಿದರು. ಅದು ಆಗ ಎಚ್.ಡಿ. ಕೋಟೆ ತಾಲ್ಲೂಕಿಗೆ ಸೇರಿದ ಸಣ್ಣ ಪೇಟೆ. ಅಂಗಡಿ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು, ಹಿತ್ತಿಲೆಂಬುದು ಹೆಚ್ಚು ಮನೆಗಳಿಗೆ ಇರಲಿಲ್ಲ. ಅದಕ್ಕೆ ಕುಂಡದ ಕೈತೋಟ ಮಾಡಿಸೋಣ ಎಂದುಕೊಂಡೆ. ಕುಂಡ ಎಂದರೆ ಒಡೆದ ಹರವಿ, ಬಾಯಿ ಹೋದ ಮಡಕೆ, ಸೀಮೆಎಣ್ಣೆ ಡಬ್ಬ, ಏನು ಸಿಕ್ಕರೆ ಅದು. ಸಂತೆಮಾಳದ ಪಕ್ಕ ನಾನೇ ನಿಂತು ಗೊಬ್ಬರದ ಗುಂಡಿ ತೋಡಿಸಿದೆ. ಸಂತೆಯ ಕಸ, ದನದ ಸಗಣಿ, ಉದುರಿದ ಎಲೆ ಎಲ್ಲ ಅದಕ್ಕೆ ಬಿತ್ತು. ಕಳಿತ ಗೊಬ್ಬರವನ್ನು ಮನೆಮನೆಗೂ ಹೊರಿಸಿ ಹಂಚಿದೆ. ಬೆಂಡೆ, ಹೀರೆ, ದಂಟಿನ ಬೀಜ ಕೊಟ್ಟೆ.

ಬೀದಿಯಲ್ಲಿ ದೊಡ್ಡ ಮನೆ ರಾಗಿ ವ್ಯಾಪಾರದ ಮಲ್ಲಪ್ಪನವರದ್ದು. ಯಜಮಾನಿ ಗೌರಮ್ಮಣ್ಣಿ. ಅವರ ಪಡಸಾಲೆಯಲ್ಲೇ ನಾನು ಹೆಂಗಸರನ್ನು ಕೂರಿಸಿ ಮಾತಾಡುತ್ತಿದ್ದದ್ದು. ಅವರ ಒಬ್ಬನೇ ಮಗ ಶಿವಣ್ಣನ ಹೆಂಡತಿ ನೀಲಮ್ಮ, ಸಾಲಿಗ್ರಾಮದ ಕಡೆಯ ಹುಡುಗಿ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಇಡೀ ಬೀದಿಯಲ್ಲಿ ನನ್ನ ಮಾತನ್ನು ಮನಸ್ಸಿಟ್ಟು ಕೇಳಿದವಳು ಅವಳು. ಬೀಜ ಎಷ್ಟು ಆಳಕ್ಕೆ ಹಾಕಬೇಕು ಎಂದರೆ ಬೆರಳಿನ ಗೆಣ್ಣು ತೋರಿಸಿ, "ಇಷ್ಟು ಸಾಕ ಅಕ್ಕೋರೆ?" ಎಂದು ಕೇಳಿಯೇ ಹಾಕುವಳು.

ಆಗ ಮಲ್ಲಪ್ಪನವರಿಗೆ ಆರೋಗ್ಯ ಕೆಟ್ಟಿತ್ತು. ಉಂಡದ್ದು ನಿಲ್ಲುತ್ತಿರಲಿಲ್ಲ, ವಾಂತಿಯಾಗುತ್ತಿತ್ತು. ನಾಟಿ ಔಷಧಿ ನಡೆಯುತ್ತಿತ್ತು. ಮನೆಯಲ್ಲಿ ಅಡಿಗೆ ಮಾಡುತ್ತಿದ್ದವಳು ನೀಲಮ್ಮ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಲಕ್ಷ್ಯವಿರಲಿಲ್ಲ.

ಮುಂಗಾರು ಶುರುವಿನ ಒಂದು ಮಧ್ಯಾಹ್ನ ಪಡಸಾಲೆಯ ತುಂಬ ಹೆಂಗಸರು ಸೇರಿದ್ದರು. ನೀಲಮ್ಮ ತನ್ನ ಬೆಂಡೆಯ ಕುಂಡವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು. ಮುಖದಲ್ಲಿ ಸಂಭ್ರಮ.

"ಅಕ್ಕೋರೆ, ನೀವ್ ಕೊಟ್ಟ ಬೆಂಡೆ ಜೊತ್ಗೆ ಇದ್ಯಾವುದೋ ತಾನೇ ಬಂದದೆ. ಕೀಳ್ಲಾ, ಬುಡ್ಲಾ?"

ಬೆಂಡೆಯ ಬುಡದಲ್ಲಿ ಒಂದು ಎಳೆ ಗಿಡ. ಅಂಚು ಕಚ್ಚುಕಚ್ಚಾದ ನಾಲ್ಕೈದು ಎಲೆ. ಪುಸ್ತಕದ ವಿಷಸಸ್ಯಗಳ ಪುಟ ಕಣ್ಣ ಮುಂದೆ ಬಂತು. ಎಲೆ ಮುರಿದು ಮೂಸಿ ನೋಡಲಿಲ್ಲ. ಪಕ್ಕದ ಮನೆಗಳ ಕುಂಡದಲ್ಲೂ ಇಂಥದ್ದು ಬಂದಿದೆಯೇ ಎಂದು ಕೇಳಲಿಲ್ಲ. ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಪಿರಿಯಾಪಟ್ಟಣದ ನಗು ನನ್ನ ಕಿವಿಯಲ್ಲಿತ್ತು.

"ಇದು ಉಮ್ಮತ್ತಿ" ಎಂದೆ, ಸ್ಕೂಲು ಮೇಡಮ್ಮನ ದನಿಯಲ್ಲಿ. "ಬೇರಿನಿಂದ ಬೀಜದ ತನಕ ವಿಷ. ಇದನ್ನ ಯಾರು ಹಾಕಿದ್ದು?"

ಆ ಕೊನೆಯ ಪ್ರಶ್ನೆಯನ್ನು ಯಾಕೆ ಕೇಳಿದೆನೋ ಇವತ್ತಿಗೂ ತಿಳಿಯದು. ಮಕ್ಕಳನ್ನು ಗದರಿಸುವವರು ಯಾರನ್ನೂ ಉದ್ದೇಶಿಸದೆ ಒಂದು ಮಾತು ಆಡುತ್ತಾರಲ್ಲ, ಹಾಗೆ ಬಾಯಿಗೆ ಬಂತು. ನೀಲಮ್ಮ, "ನಾನಾಕಿಲ್ಲ ಅಕ್ಕೋರೆ, ತಾನೇ..." ಎಂದು ತೊದಲಿದಳು.

ನಡುಮನೆಯ ಬಾಗಿಲಲ್ಲಿ ನಿಂತಿದ್ದ ಗೌರಮ್ಮಣ್ಣಿ ನಿಧಾನವಾಗಿ ಹೇಳಿದರು: "ಯಾರಾಕಿದ್ದು ಅಂತ ಕೇಳ್ತಾವ್ರೆ. ಯೋಳವ್ವ."

ನಾನು ಅದನ್ನು ಅತ್ತೆ ಸೊಸೆಯರ ಸಣ್ಣ ಕಿಚಾಯಿಸುವಿಕೆ ಎಂದುಕೊಂಡು ಮುಂದಿನ ಕುಂಡಕ್ಕೆ ಹೋದೆ. ಹೀರೆಬಳ್ಳಿಗೆ ಕಡ್ಡಿ ಊರುವುದು ಹೇಗೆ ಎಂದು ವಿವರಿಸಿದೆ. ಕಾಫಿ ಕೊಟ್ಟರು, ಕುಡಿದೆ. ಕಾಫಿ ತಂದಿಟ್ಟದ್ದು ಗೌರಮ್ಮಣ್ಣಿ. ನೀಲಮ್ಮ ಮತ್ತೆ ಹೊರಗೆ ಕಾಣಲಿಲ್ಲ. ಅವತ್ತಿನ ವರದಿಯಲ್ಲಿ ಸಭೆ ಚೆನ್ನಾಗಿ ನಡೆಯಿತು ಎಂದು ಬರೆದೆ.

ಅದರ ಮರುವಾರವೇ ನನ್ನನ್ನು ಕಾಡಂಚಿನ ಹಾಡಿಗಳ ಕೆಲಸಕ್ಕೆ ಕಳಿಸಿದರು. ಮಳೆ ಹಿಡಿದುಕೊಂಡಿತು. ಮತ್ತೆ ಸರಗೂರಿಗೆ ಬಂದದ್ದು ಮಳೆಗಾಲ ಕಳೆದ ಮೇಲೆ.

ಬೀದಿಗೆ ಕಾಲಿಟ್ಟ ಕೂಡಲೆ ಏನೋ ಬದಲಾಗಿದೆ ಅನ್ನಿಸಿತು. ಬಾಗಿಲಲ್ಲಿದ್ದವರು ಒಳಗೆ ಹೋದರು. ಜಗಲಿಗಳ ಮೇಲಿನ ಕುಂಡಗಳಲ್ಲಿ ಬೆಂಡೆಯೋ ದಂಟೋ ಒಂದೊಂದೇ ನಿಂತಿದ್ದವು, ಬುಡದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಯಾವತ್ತೂ ಕಳೆ ತೆಗೆಯದ ಹೆಂಗಸರು ಇಷ್ಟು ಚೊಕ್ಕವಾಗಿ ಹೇಗೆ ಇಟ್ಟರು ಎಂದು ನನಗೆ ಖುಷಿಯೇ ಆಯಿತು. ಬೀದಿಯ ಕೊನೆಯಲ್ಲಿ ಹಾಲು ಮಾರುವ ಸಣ್ಣತಾಯಮ್ಮ ಸಿಕ್ಕಳು. ಅವಳಿಗೆ ಆ ಮಾತನ್ನೇ ಹೇಳಿದೆ.

"ಚೊಕ್ಕ ಇಡ್ದೆ ಏನ್ಮಾಡಾರು ಅಕ್ಕೋರೆ?" ಎಂದಳು. "ಗೊತ್ತಿಲ್ದಿರೋ ಮೊಳ್ಕೆ ಕಂಡ್ರೆ ಸಾಕು, ಎದೆ ಒಡ್ದು ಕಿತ್ತಾಕ್ತಾವ್ರೆ. ನೀಲಮ್ಮಂಗಾದ ಗತಿ ನಮ್ಗೂ ಆದ್ರೆ?"

"ನೀಲಮ್ಮಂಗೇನಾಯ್ತು?"

ಅವಳು ನನ್ನ ಮುಖವನ್ನು ನೋಡಿದಳು. ನಾನು ನಾಟಕ ಆಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದಳು. "ಅಪ್ಪನ ಮನೆಗೆ ಅಟ್ಟವ್ರೆ. ಮಾವಂಗೆ ಉಮ್ಮತ್ತಿ ಅರ್ದು ಅನ್ನಕ್ಕಾಕ್ತಿದ್ಲಂತೆ. ಆಮೇಲೆ ಮೈಸೂರಿನ್ ಡಾಕ್ಟ್ರು ನೋಡಿ ಒಟ್ಟೆ ಉಣ್ಣು ಅಂದ್ರು, ಔಸ್ದಿ ಕೊಟ್ರು, ಸಾವ್ಕಾರ್ರು ಉಸಾರಾದ್ರು. ಆದ್ರೂ ಅವ್ಳು ಓದ್ಮೇಲೇ ಉಸಾರಾದ್ರು ಅಂತ ಜನ ಆಡ್ಕಂತರೆ."

"ಯಾರು ಹೇಳಿದ್ದು ಉಮ್ಮತ್ತಿ ಹಾಕಿದಳು ಅಂತ?"

"ನೀವೇ ಯೋಳಿದ್ರಲ್ಲ."

ಅವಳು ಅದನ್ನು ಕುಹಕದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಲ್ಲೇ ಯಾರದೋ ಜಗಲಿಯ ಮೇಲೆ ಕೂತುಬಿಟ್ಟೆ.

ನಡೆದುಕೊಂಡು ಹೋಗಿ ಗೌರಮ್ಮಣ್ಣಿಯವರ ಮನೆಯ ಬಾಗಿಲು ತಟ್ಟುವಾಗ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಗಿಡ ಉಮ್ಮತ್ತಿಯೇ ಎಂದು ನಾನಿನ್ನೂ ನಂಬಿದ್ದೆ. ಉಮ್ಮತ್ತಿ ಆದರೂ ಅದು ಗೊಬ್ಬರದಲ್ಲಿ ಬಂದಿರಬಹುದು ಎಂದಾದರೂ ಹೇಳೋಣ ಎಂದುಕೊಂಡಿದ್ದೆ. ಅವರು ನನ್ನನ್ನು ಒಳಗೆ ಕರೆದರು, ಕೂರಲು ಹೇಳಲಿಲ್ಲ.

"ಆ ಕುಂಡ ಏನಾಯ್ತಮ್ಮ?" ಎಂದೆ.

ಅವರು ಬಚ್ಚಲ ಹಿಂದಿನ ಕಲ್ಲುಚಪ್ಪಡಿಯ ಜಾಗಕ್ಕೆ ನಡೆದರು. ಹಿಂದೆಯೇ ಹೋದೆ. ಮೂಲೆಯಲ್ಲಿ ದೊಡ್ಡ ಕುಕ್ಕೆ ಬೋರಲು ಹಾಕಿತ್ತು. ಅದನ್ನು ಎತ್ತಿದರು. ಬೆಂಡೆ ಸತ್ತುಹೋಗಿತ್ತು. ಆ ಗಿಡ ಮಾತ್ರ ಕುಂಡದಿಂದ ಹೊರಚೆಲ್ಲಿ ಬೆಳೆದಿತ್ತು. ಯಾರೋ ದಿನಾ ನೀರು ಹಾಕಿದ್ದರು, ಬಿಸಿಲಿಗೆ ತೆಗೆದು ಮತ್ತೆ ಮುಚ್ಚಿದ್ದರು. ಉಗುರಿನಗಲದ ತಿಳಿಹಳದಿ ಹೂ, ಕೊಂಬೆಗಳ ಕೆಳಗೆ ಕಾಗದದ ಗೂಡಿನ ಹಾಗೆ ಜೋತಾಡುವ ಕಾಯಿಗಳು. ಕೆಲವು ಒಣಗಿ ಹಳದಿ ತಿರುಗಿದ್ದವು. ಒಳಗೆ ಗೋಲಿಯಂಥ ಹಣ್ಣು.

ಗುಪ್ಪಟೆ. ಹೊಲದ ಬದುವಿನಲ್ಲಿ ದನ ಕಾಯುವ ಮಕ್ಕಳು ಕಿತ್ತು ತಿನ್ನುವ ಗುಪ್ಪಟೆ ಹಣ್ಣು. ಅಗ್ರಹಾರದ ನನಗೂ ಗೊತ್ತಿದ್ದ ಹಣ್ಣು. ನಮ್ಮ ಸ್ಕೂಲಿನ ಗೇಟಿನ ಹೊರಗೆ ಮುದುಕನೊಬ್ಬ ಎಲೆಯಲ್ಲಿ ಕಟ್ಟಿ ಮಾರುತ್ತಿದ್ದ. ಬೆಳೆದ ಗಿಡ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಉಮ್ಮತ್ತಿಯ ಹೂ ಗೇಣುದ್ದದ ಬಿಳಿ ತುತ್ತೂರಿ.

ಆಗ ನನಗೆ ಹೊಳೆಯಿತು. "ನಿಮಗೆ... ಗೊತ್ತಾಗಿತ್ತಾ ಅಮ್ಮ?"

ಗೌರಮ್ಮಣ್ಣಿ ಕುಕ್ಕೆ ಹಿಡಿದುಕೊಂಡೇ ನಿಂತಿದ್ದರು. "ಶಿವಪೂಜೆ ಮಾಡೋ ಮನೆ ನಮ್ದು. ಉಮ್ಮತ್ತಿ ಊವ ಎಷ್ಟ್ ವರ್ಸದಿಂದ ಏರಿಸ್ತಾ ಇವ್ನಿ. ಇದು ಮೊಗ್ಗು ಬುಟ್ಟಾಗ್ಲೇ ಗೊತ್ತಾಯ್ತು. ಉಮ್ಮತ್ತಿ ಅಂತ ಊರ್ ದೊಡ್ಡೋರ್ಗೆ ತೋರ್ಸಾನ ಅಂತ ಮೊದ್ಲು ಮಡಗಿದ್ದೆ. ಗೊತ್ತಾದ್ಮೇಲೆ ಅವ್ರ್ ಕಣ್ಗೆ ಬೀಳ್ದಂಗೆ ಮುಚ್ಚಿಟ್ಟೆ."

"ಹಾಗಾದರೆ ಅವಳನ್ನ ಕರೆಸಲಿಲ್ಲ ಯಾಕೆ?"

"ಯಾವ ಮಕ ಇಟ್ಕಂಡು ಕರೀಲಿ? ಬೀದಿ ಮುಂದೆ ಟ್ರಂಕು ಒರಿಸಿ ಕಳಿಸಿವ್ನಿ ಕಣವ್ವ." ಅವರು ಕುಕ್ಕೆಯನ್ನು ಕೆಳಗಿಟ್ಟರು. "ಕಿತ್ತಾಕ್ಬುಡಾನ ಅಂತ ಎಷ್ಟೋ ಸಲ ಬಂದೆ. ಕೈ ಬರ್ಲಿಲ್ಲ. ನೀರಾಕಿ ಓದೆ."

ನಾವಿಬ್ಬರೂ ಆ ಗಿಡದ ಎದುರು ನಿಂತಿದ್ದೆವು. ಕೊನೆಗೆ ಅವರೇ, "ನೀವ್ ಯೋಳಿದ್ದು ಸುಳ್ಳು ಅಂತ ನೀವೇ ಯೋಳ್ಬೇಕು. ನಾ ಯೋಳುದ್ರೆ ಸೊಸೆ ಗ್ಯಾಪ್ಕ ಬಂತು, ಅದ್ಕೆ ಮಾತು ತಿರುಗುಸ್ತಾಳೆ ಅಂತಾರೆ" ಎಂದರು.

ಆಗಲೇ ಹೇಳಬೇಕಿತ್ತು. ನಾನು ಹೇಳಲಿಲ್ಲ, ಮೇಲಿನವರನ್ನು ಕೇಳಿ ಬರುತ್ತೇನೆ ಎಂದೆ. ಹೆದರಿಕೆಗೆ ಆಫೀಸು ಒಳ್ಳೆಯ ಮರೆ.

ನನ್ನ ಮೇಲಿನ ಅಮ್ಮಾವರು ಕೆಟ್ಟವರಲ್ಲ. ನನ್ನ ಕಷ್ಟಸುಖ ವಿಚಾರಿಸುತ್ತಿದ್ದವರು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: "ನೋಡು, ಸೇವಿಕೆ ಹೇಳಿದ್ದೇ ತಪ್ಪು ಅಂತ ಊರಿಗೆಲ್ಲ ಗೊತ್ತಾದರೆ ನಾಳೆ ನೀನು ಕೊಟ್ಟ ಬೀಜ ಯಾರು ತಗೋತಾರೆ? ಮಕ್ಕಳಿಗೆ ಸೂಜಿಮದ್ದು ಹಾಕಿಸಿ ಅಂದರೆ ಯಾರು ನಂಬ್ತಾರೆ? ಗಿಡ ಕಿತ್ತುಹಾಕಿಸು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ತಾವಾಗಿ ರಾಜಿಯಾಗ್ತಾರೆ. ಸಂಸಾರದ ವಿಷಯಕ್ಕೆ ನಾವು ಕೈ ಹಾಕಬಾರದು."

"ಕೈ ಹಾಕಿ ಆಗಿದೆಯಲ್ಲ ಅಮ್ಮಾವ್ರೆ" ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಕಾಗದ ಓದತೊಡಗಿದರು. ನನ್ನ ಬದುಕಿನಲ್ಲಿ ಮೇಲಿನವರ ಮಾತು ಮೀರಿದ್ದು ಅದೊಂದೇ ಸಲ. ಧೈರ್ಯದಿಂದ ಮೀರಿದೆ ಎಂದು ತಿಳಿಯಬೇಡಿ. ಬಚ್ಚಲ ಹಿಂದಿನ ಆ ಕುಕ್ಕೆಯನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ, ಅಷ್ಟೆ.

ಮುಂದಿನ ಸಂತೆಯ ದಿನ ಅದೇ ಪಡಸಾಲೆಗೆ ಹೆಂಗಸರನ್ನು ಕರೆಸಿದೆ. ಗೌರಮ್ಮಣ್ಣಿ ಹೇಳಿಕಳಿಸಿದ್ದರಿಂದ ಬಂದರು, ಇಲ್ಲದಿದ್ದರೆ ಬರುತ್ತಿರಲಿಲ್ಲ. ಅಂಗಡಿ ಬಿಟ್ಟು ಗಂಡಸರೂ ಬಾಗಿಲ ಬಳಿ ನಿಂತರು, ಶಿವಣ್ಣನೂ ಇದ್ದ. ನಾನು ಕುಂಡ ಹೊತ್ತು ತಂದು ನಡುವೆ ಇಟ್ಟೆ.

"ಇದು ಉಮ್ಮತ್ತಿ ಅಂತ ನಾನು ಹೇಳಿದ್ದೆ. ಅದು ತಪ್ಪು. ಇದು ಗುಪ್ಪಟೆ. ನಾನು ಹಂಚಿದ ಗೊಬ್ಬರದಲ್ಲೇ ಇದರ ಬೀಜ ಬಂದಿದೆ. ನೀಲಮ್ಮ ಹಾಕಿದ್ದಲ್ಲ."

ಬಾಗಿಲ ಬಳಿ ಯಾರೋ, "ಅವತ್ತು ಅಂಗಂದ್ರು, ಇವತ್ತು ಇಂಗಂತಾರೆ. ನಾಳೆ ಏನೋ" ಎಂದರು. ಒಂದಿಬ್ಬರು ನಕ್ಕರು. ನಾನು ಒಣಗಿದ ಗೂಡೊಂದನ್ನು ಬಿಡಿಸಿ ಹಣ್ಣು ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಬಿಡಿಸಿ ಕೈ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ. ಸಣ್ಣತಾಯಮ್ಮನೂ ತಲೆ ತಗ್ಗಿಸಿದಳು. ನನ್ನ ಮಾತಿಗೆ ಇನ್ನು ಬೆಲೆಯಿಲ್ಲ ಎಂಬುದು ಅಲ್ಲಿ ಆ ಚಾಚಿದ ಕೈಯಲ್ಲಿ ಗೊತ್ತಾಯಿತು.

ಗೌರಮ್ಮಣ್ಣಿ ಎದ್ದು ಬಂದು ಅದನ್ನು ತೆಗೆದುಕೊಂಡು ತಿಂದರು. ನಿಂತ ಜನರನ್ನೆಲ್ಲ ಒಮ್ಮೆ ನೋಡಿ, "ನಂಗೆ ಮೊದ್ಲೇ ಗೊತ್ತಿತ್ತು. ಬಾಯ್ಬುಡ್ಲಿಲ್ಲ. ಅಕ್ಕೋರ್ದು ಒಂದ್ ತಪ್ಪಾದ್ರೆ ನಂದು ಎರಡು" ಎಂದರು. ಶಿವಣ್ಣ ಅಲ್ಲಿ ನಿಲ್ಲಲಾರದೆ ಹೊರಟುಹೋದ.

ನೀಲಮ್ಮನಿಗೆ ಈ ಸುದ್ದಿ ನಾನೇ ಮುಟ್ಟಿಸುತ್ತೇನೆ ಎಂದೆ. ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ನಗರಕ್ಕೆ ಇನ್ನೊಂದು, ಮತ್ತೆ ಸಾಲಿಗ್ರಾಮಕ್ಕೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವಳ ಅಪ್ಪನ ಮನೆಗೆ ಹೋದಾಗ ಅವಳು ಭತ್ತ ಹರಡುತ್ತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು ಬೆಚ್ಚಿದಳು. ಆದರೂ ಚಾಪೆ ಹಾಕಿ ನೀರು ಕೊಟ್ಟಳು.

ಜೋಡಿಸಿಕೊಂಡಿದ್ದ ಮಾತೆಲ್ಲ ಹೇಳಿದೆ. ಅದು ಗುಪ್ಪಟೆ, ಊರ ಮುಂದೆ ಹೇಳಿದ್ದೇನೆ, ನಿಮ್ಮತ್ತೆಯೂ ಒಪ್ಪಿದ್ದಾರೆ, ಇನ್ನು ನೀನು ಬರಬಹುದು. ಅವಳು ಕಾಲಿನಿಂದ ಭತ್ತ ಸರಿಮಾಡುತ್ತ ಕೇಳಿದಳು. ಕೊನೆಗೆ,

"ಅಕ್ಕೋರೆ, ಒಂದ್ ಮಾತು ಕೇಳ್ಲಾ? ಅದು ನಿಜವಾಗ್ಲೂ ಉಮ್ಮತ್ತಿನೇ ಆಗಿದ್ರೆ? ನೀವ್ಯಾರೂ ಬತ್ತಿರ್ಲಿಲ್ವ?"

ನಾನು ನೀರಿನ ಲೋಟ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

"ಉಮ್ಮತ್ತಿನೂ ತಾನೇ ಉಟ್ಟೋ ಗಿಡ ಅಲ್ವ? ನಮ್ ದನದ ಕೊಟ್ಗೆ ಇಂದೆ ಬೇಕಾದಷ್ಟವೆ. ಯಾರೂ ಆಕಿಲ್ಲ."

ಅಲ್ಲಿಯವರೆಗೆ ನಾನು ಗಿಡದ ಹೆಸರು ತಪ್ಪು ಹೇಳಿದ್ದಕ್ಕೆ ನಾಚಿದ್ದೆ. ಹೆಸರು ತಪ್ಪುವುದು ಅಂಥ ದೊಡ್ಡದೇನಲ್ಲ, ಎಲ್ಲರಿಗೂ ತಪ್ಪುತ್ತದೆ. ಗಿಡ ನೋಡಬೇಕಾದವಳು ಮನುಷ್ಯರ ಕಡೆ ತಿರುಗಿ "ಯಾರು ಹಾಕಿದ್ದು" ಎಂದು ಕೇಳಿದೆನಲ್ಲ. ಆ ಪ್ರಶ್ನೆಗೆ ಗುಪ್ಪಟೆಯ ಹಣ್ಣು ತಿಂದು ತೋರಿಸಿದರೆ ಪರಿಹಾರವಿರಲಿಲ್ಲ.

ಅವಳು ನನ್ನ ಜೊತೆ ಬರಲಿಲ್ಲ. "ಕಳಿಸ್ದೋರು ಬಂದು ಕರೀಲಿ" ಎಂದಳು. ಗೌರಮ್ಮಣ್ಣಿ ಅದುವರೆಗೆ ಬಸ್ಸು ಹತ್ತಿದವರಲ್ಲ. ದೀಪಾವಳಿಗೆ ಮುಂಚೆ ಮಗನನ್ನು ಕಟ್ಟಿಕೊಂಡು ಸಾಲಿಗ್ರಾಮಕ್ಕೆ ಹೋದರಂತೆ. ಬೀಗರ ಮನೆಯ ಜಗಲಿಯ ಮೇಲೆ ಸಂಜೆಯವರೆಗೆ ಕೂತರಂತೆ. ನೀಲಮ್ಮ ಹೊರಟು ಬಂದಳು.

ಇಷ್ಟು ಕಂಡ ಮೇಲೆ ನಾನು ಕೆಲಸ ಮಾಡುವ ಕ್ರಮ ಬದಲಾಯಿತು. ನಿಮಗೆ ಉಪಯೋಗವಾದರೆ ಆಗಲಿ. ಕುಂಡದಲ್ಲಿ ಗೊತ್ತಿಲ್ಲದ್ದು ಹುಟ್ಟಿದರೆ ಮೊದಲ ಜೋಡಿ ಎಲೆ ನೋಡಿ ಏನೂ ಹೇಳಬೇಡಿ, ಅವು ಬೀಜದೆಲೆ, ಬಹಳ ಗಿಡಗಳಲ್ಲಿ ಒಂದೇ ಥರ ಇರುತ್ತವೆ. ನಿಜವಾದ ಎಲೆ ಬರಲಿ. ಎಲೆ ಉಜ್ಜಿ ಮೂಸಿ ನೋಡಿ. ಉಮ್ಮತ್ತಿಯಾದರೆ ವಾಸನೆಗೆ ಮೂಗು ಹಿಂದೆ ಸರಿಯುತ್ತದೆ. ಮಣ್ಣು ಎಲ್ಲಿಯದು, ಗೊಬ್ಬರ ಎಲ್ಲಿಯದು ಎಂದು ಕೇಳಿ. ಅಕ್ಕಪಕ್ಕದ ಕುಂಡ ನೋಡಿ. ಸಂಶಯವಿದ್ದರೆ ಬೇರೆ ಡಬ್ಬಕ್ಕೆ ಎತ್ತಿ ನೆಟ್ಟು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಹೂ ಬರುವ ತನಕ ಕಾಯಿರಿ. "ಗೊತ್ತಿಲ್ಲಮ್ಮ, ನೋಡೋಣ" ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ನನಗೆ ಅದು ಬಾಯಿಗೆ ಬರಲು ಬಹಳ ತಡವಾಯಿತು.

ನೀಲಮ್ಮ ಬಂದ ಮೇಲೆ ಒಂದು ದಿನ ಸಂತೆಬೀದಿಯಲ್ಲಿ ಎದುರಾದಳು. ಬಸುರಿಯಾಗಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ದೂರದಿಂದಲೇ, "ನೀಲಮ್ಮ, ಚೆನ್ನಾಗಿದೀಯಾ?" ಎಂದು ಕೂಗಿದೆ. ಬೆಲ್ಲದ ಅಂಗಡಿಯ ಮುಂದಿದ್ದ ಹೆಂಗಸರು ತಿರುಗಿ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು.

ನೀಲಮ್ಮ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. ಕೋಪವಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

"ನಿಮ್ಮೇಲೆ ನಂಗೇನೂ ಇಲ್ಲ ಅಕ್ಕೋರೆ. ಆದ್ರೆ ಬೀದೀಲಿ ಕಂಡಾಗ ನನ್ನ ಮಾತಾಡಿಸ್ಬ್ಯಾಡಿ. ನಾವಿಬ್ರೂ ಒಟ್ಗೆ ನಿಂತ್ರೆ ಜನಕ್ಕೆ ಅದೇ ಗ್ಯಾಪ್ಕ ಬತ್ತದೆ."

"ಆಗಲಿ" ಎಂದೆ.

ಸರಗೂರಿನಲ್ಲಿ ಇನ್ನೂ ಎರಡು ವರ್ಷ ಇದ್ದೆ. ಅವಳ ಮಗು ನಡೆಯುವುದನ್ನು ಕಲಿತದ್ದನ್ನು ದೂರದಿಂದ ಕಂಡೆ. ಅವಳು ಎದುರಿಗೆ ಬರುವುದು ಕಂಡರೆ ತಲೆ ತಗ್ಗಿಸಿ ಬೀದಿಯ ಆ ಬದಿಗೆ ದಾಟಿಕೊಳ್ಳುತ್ತಿದ್ದೆ. ಅವಳು ಕೇಳಿದ ಅಷ್ಟನ್ನಾದರೂ ತಪ್ಪದೆ ಮಾಡಿದೆ.